ದಾರಿಗೆ ಹಾಸಿದ ಕಂಬಳಿ

ಕ್ಯಾಂಪಿನ ಗೇಟು ಕಾಣುವ ಮೊದಲೇ ಒಂದು ಬಂಡೆ ಇದೆ. ಪ್ರತಿ ಶನಿವಾರ ಪಾತಮ್ಮ ಅಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದಳು. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಅವನ್ನು ಬಂಡೆಯ ಸಂದಿಗೆ ತುರುಕಿ, ನಾಯಿ ಎಳೆಯದಂತೆ ಮೇಲೊಂದು ಜಾಲಿ ಟೊಂಗೆ ಇಟ್ಟು, ಬರಿಗಾಲಲ್ಲಿ ಮೇಲೆ ಹತ್ತುತ್ತಿದ್ದಳು.

ದೇವರಿಗೆಂದು ಬಿಟ್ಟ ಚಪ್ಪಲಿಯಲ್ಲ. ಮಾರುತೇಶ ಹೇಳಿದ್ದಕ್ಕೆ ಬಿಟ್ಟದ್ದು.

"ನೋಡು ಪಾತಮ್ಮ, ಹಳ್ಳಿ ಹೆಂಗಸು ಅಂದ್ರೆ ಬರಿಗಾಲು. ಫೋಟೋದಲ್ಲಿ ರಬ್ಬರ್ ಚಪ್ಪಲಿ ಬಂದ್ರೆ ಚೆನ್ನಾಗಿ ಕಾಣಲ್ಲ. ನೈಲಾನ್ ಸೀರೆನೂ ಬೇಡ. ಪ್ಲಾಸ್ಟಿಕ್ ಕೊಡ ಅಂತೂ ಬೇಡವೇ ಬೇಡ," ಎಂದು ಮೊದಲ ದಿನವೇ ಹೇಳಿದ್ದ. ಮಣ್ಣಿನ ಕೊಡ ಅವನೇ ತಂದಿಟ್ಟಿದ್ದ.

ಮಾರುತೇಶ ಚಳ್ಳಕೆರೆಯವನು. ಮೊಳಕಾಲ್ಮೂರಿನಿಂದ ಈಚೆಗೆ, ಬೆಟ್ಟದ ಬುಡದಲ್ಲಿ ಜಮೀನು ಹಿಡಿದು, ಡೇರೆ ಹಾಕಿ, 'ಬೆಟ್ಟದ ಮಡಿಲು' ಎಂದು ಬೋರ್ಡು ನಿಲ್ಲಿಸಿದ್ದ. ಶನಿವಾರ ಬೆಳಿಗ್ಗೆ ಜನ ಬರುತ್ತಿದ್ದರು. ಬೆಳಿಗ್ಗೆ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಇಳಿಯುವುದು. ಮಧ್ಯಾಹ್ನ ಊಟವಾದ ಮೇಲೆ ದೊಣೆಯಲ್ಲಿ ಈಜು. ಅದಾದ ಮೇಲೆ 'ನೀರಿನ ನಡಿಗೆ'. ಸಂಜೆ ಜೀಪಿನಲ್ಲಿ ಇಳಿದು ಪಾತಮ್ಮನವರ ಕುರಿಗಾರರ ಹಟ್ಟಿ ನೋಡುವುದು. ಭಾನುವಾರ ವಾಪಸು.

ಪಾತಮ್ಮನ ಕೆಲಸ ನೀರಿನ ನಡಿಗೆಯಲ್ಲಿತ್ತು. ದೊಣೆ ಎಂದರೆ ಬೆಟ್ಟದ ನಡುವೆ ಬಂಡೆಯೇ ಬಾಯಿ ತೆರೆದು ಹಿಡಿದಿಟ್ಟ ನೀರು. ಎಂಥ ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ಅಲ್ಲಿಂದ ಅವಳು ಮಣ್ಣಿನ ಕೊಡ ತುಂಬಿ, ಸಿಂಬೆಯ ಮೇಲೆ ಇಟ್ಟುಕೊಂಡು, ಬಂಡೆಯ ಮೆಟ್ಟಿಲಲ್ಲಿ ಇಳಿದು ಕ್ಯಾಂಪಿಗೆ ಬರಬೇಕು. ಹಿಂದೆ ಮುಂದೆ ಜನ ಮೊಬೈಲ್ ಹಿಡಿದು ನಡೆಯುತ್ತಾರೆ. ಆಮೇಲೆ ಅವರೂ ಒಬ್ಬೊಬ್ಬರಾಗಿ ಕೊಡ ಹೊತ್ತು ನೋಡುತ್ತಾರೆ. ಚೆಲ್ಲುತ್ತಾರೆ. ನಗುತ್ತಾರೆ. ಮತ್ತೆ ತುಂಬಿ ತರಬೇಕು. ಒಂದು ಮಧ್ಯಾಹ್ನಕ್ಕೆ ಐದು ಸಲ, ಆರು ಸಲ. ಐವತ್ತೆಂಟು ವರ್ಷದ ಕುತ್ತಿಗೆ. ರಾತ್ರಿ ಗಂಗಲಕ್ಷ್ಮಿ, ಅವಳ ಸೊಸೆ, ಕೇಳದೆಯೇ ಎಣ್ಣೆ ಬಿಸಿ ಮಾಡಿ ತಂದು ತಿಕ್ಕುತ್ತಿದ್ದಳು.

ಹಟ್ಟಿಯಲ್ಲಿ ನಲ್ಲಿ ಬಂದು ಆರು ವರ್ಷವಾಗಿತ್ತು. ಪಾತಮ್ಮನ ಮನೆಯ ಮುಂದೆಯೇ ಇತ್ತು. ಮನೆಗೆ ಸಾಕಾಗುವಷ್ಟು ನೀರು ಬರುತ್ತಿತ್ತು. ಕುರಿಗಳಿಗೆ ಸಾಲುತ್ತಿರಲಿಲ್ಲ. ಹಟ್ಟಿಯ ಕುರಿಗಳು ಯಾವ ಕಾಲದಿಂದಲೂ ದೊಣೆಯ ನೀರನ್ನೇ ನಂಬಿದ್ದವು. ಮೇಯ್ದು ಬಂದು, ಬೆಟ್ಟ ಹತ್ತಿ, ಕುಡಿದು, ರಾತ್ರಿ ತಂಗಲು ರೊಪ್ಪಕ್ಕೆ ಇಳಿಯುವುದು.

ಆ ದೊಣೆಗೆ ಈಗ ಕಬ್ಬಿಣದ ಗೇಟು. ಗೇಟಿಗೆ ಬೀಗ. ದೀಪಾವಳಿ ಕಳೆದ ಮೇಲೆ ಮಾರುತೇಶ ಹಾಕಿಸಿದ್ದು. ಈಜುವ ನೀರಿನ ಹತ್ತಿರ ಕುರಿ ಹಿಕ್ಕೆ ಬಿದ್ದಿರುತ್ತದೆ, ಜನ ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ಹಾಕಿದ್ದು. ಕುರಿಗಳು ಟಾರು ರಸ್ತೆ ಹಿಡಿದು ಮೂರು ಮೈಲಿ ದೂರದ ತೊಟ್ಟಿಗೆ ಹೋಗಬೇಕಾಯಿತು. ಶಿವರಾತ್ರಿ ಮುಗಿದ ವಾರ ಪಾತಮ್ಮನ ಗಬ್ಬದ ಕುರಿಯೊಂದು ಬಿಸಿಲಲ್ಲಿ ರಸ್ತೆ ಬದಿಗೆ ಕೂತುಬಿಟ್ಟಿತು. ಅಲ್ಲೇ, ದಿನ ತುಂಬುವ ಮೊದಲೇ, ಕಂದು ಹಾಕಿತು. ಲಾರಿಗಳು ಸುತ್ತಿ ಹೋದವು. ಒಂದು ಲಾರಿಯವನು ಮಾತ್ರ ನಿಲ್ಲಿಸಿ, ತನ್ನ ಕ್ಯಾನಿನ ನೀರನ್ನು ಕುರಿಯ ಬಾಯಿಗೆ ಬಿಟ್ಟು ಹೋದ. ಕುರಿ ಬದುಕಲಿಲ್ಲ. ಪಾತಮ್ಮನಿಗೆ ಆ ಲಾರಿಯವನ ಮುಖ ಇನ್ನೂ ನೆನಪಿತ್ತು.

ಆದರೂ ಅವಳು ಶನಿವಾರ ಬೆಟ್ಟ ಹತ್ತುತ್ತಿದ್ದಳು. ತನ್ನ ಕುರಿ ಬಾಯಿ ಹಾಕಬಾರದ ನೀರನ್ನು ತಲೆ ಮೇಲೆ ಹೊತ್ತು ಇಳಿಯುತ್ತಿದ್ದಳು. ಹೇಳಿದಂತೆ ಕೇಳಿದರೆ ಬೀಗ ತೆಗೆದಾನು ಎಂಬ ಆಸೆ. ಪ್ರತಿ ಶನಿವಾರ ಕೇಳುತ್ತಿದ್ದಳು.

"ಸಾಮಿ, ಜನ ಹೋದ ಮ್ಯಾಲಾದ್ರೂ ಬಿಡ್ರಿ. ಸಂಜೀಗೆ ಒಂದು ಗಳಿಗೆ."

"ನೋಡೋಣ ಪಾತಮ್ಮ. ಮುಂದಿನ ವಾರ ನೋಡೋಣ."

*

ಅವನು ಕೊಟ್ಟ ಮಾತು ಒಂದಿತ್ತು. ಹಟ್ಟಿಯವರೆಲ್ಲ ಅದನ್ನೇ ನೆಚ್ಚಿಕೊಂಡಿದ್ದರು.

ಎರಡು ವರ್ಷದ ಹಿಂದೆ ಅವನೇ ಹಟ್ಟಿಗೆ ಬಂದಿದ್ದ. ಅವನ ಜಮೀನಿಗೆ ಗಾಡಿ ಹೋಗಲು ದಾರಿ ಇರಲಿಲ್ಲ. ಹಟ್ಟಿಯ ಕಣದ ಮೇಲೆ ಹಾಯಬೇಕಿತ್ತು. ಕಣ ಎಲ್ಲರದ್ದು, ಶೇಂಗಾ ಬಡಿಯುವ ಜಾಗ. ಯಜಮಾನ ಹನುಮಂತರಾಯಪ್ಪ ಹತ್ತು ಜನರನ್ನು ಸೇರಿಸಿದ. ಪದ್ಧತಿಯಂತೆ ಕರಿ ಕಂಬಳಿ ಹಾಸಿದರು. ಆ ಕಂಬಳಿ ಪಾತಮ್ಮನ ಮನೆಯದು. ಹಟ್ಟಿಯ ನ್ಯಾಯಕ್ಕೆಲ್ಲ ಅದೇ. ಅವಳ ಗಂಡ ಸಾಕಿದ ಕರಿಕುರಿಯ ಉಣ್ಣೆ. ಅವಳು ಒಂದು ಚಳಿಗಾಲ ಪೂರ್ತಿ ಕದಿರಿನಲ್ಲಿ ನೂತದ್ದು. ಹುಣಸೆಬೀಜದ ಗಂಜಿ ಕುಡಿದ ಕಂಬಳಿ, ಹಾಸಿದರೆ ಹಲಗೆಯಂತೆ ನಿಲ್ಲುತ್ತಿತ್ತು.

ಆ ಕಂಬಳಿಯ ಮೇಲೆ ಕೂತು ಆಡಿದ ಮಾತನ್ನು ಯಾರೂ ತಿರುಗಿಸುವುದಿಲ್ಲ. ತಿರುಗಿಸಿದವನ ಮನೆಗೆ ಹೆಣ್ಣು ಕೊಡುವುದಿಲ್ಲ, ಅವನ ಬೆಂಕಿ ಇಸಿದುಕೊಳ್ಳುವುದಿಲ್ಲ. ಮಾರುತೇಶ ಶೂ ಬಿಚ್ಚಿ ಅದರ ಮೇಲೆ ಕೂತ. ವೀಳ್ಯ ಹಿಡಿದ. "ದಾರಿ ಕೊಡಿ. ದೊಣೆ ನೀರು ಯಾವತ್ತೂ ನಿಮ್ಮದೇ. ಕುರಿ ದಾರಿಗೆ ನಾನು ಅಡ್ಡ ಬರಲ್ಲ," ಎಂದ. ಹಟ್ಟಿಯವರು ದಾರಿ ಕೊಟ್ಟರು. ಅವನು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು, ಬರೆಯಲು ಬಂದವರು ಸಹಿ ಹಾಕಿದರು.

ಆವತ್ತು ಅವನ ಜೀಪು ಓಡಿಸಿಕೊಂಡು ಬಂದಿದ್ದವನು ತನ್ವೀರ್. ಮೊಳಕಾಲ್ಮೂರಿನ ಮೆಕ್ಯಾನಿಕ್, ಈಗಲೂ ಆ ಜೀಪಿನ ಡ್ರೈವರ್. ಅವನು ಹನುಮಂತರಾಯಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದ್ದ:

"ಯಜಮಾನ್ರೆ, ನೀರಿನ ಮಾತನ್ನೂ ಕಾಗದದಲ್ಲಿ ಬರೆಸ್ಕಳಿ."

ಹನುಮಂತರಾಯಪ್ಪ ನಕ್ಕುಬಿಟ್ಟಿದ್ದ. "ಕಂಬಳಿ ಮ್ಯಾಲೆ ಕುಂತ ಮ್ಯಾಲೆ ಕಾಗದ ಯಾಕಪ್ಪಾ. ಕಾಗದ ನೀರಿಗೆ ಬಿದ್ರೆ ಕರಗ್ತೈತೆ. ಕಂಬಳಿ ನೆಂದ್ರೆ ಇನ್ನೂ ಭಾರ ಆಗ್ತೈತೆ."

ಅವರಿಗೆ ಕಾಗದ ಗೊತ್ತಿರಲಿಲ್ಲ ಎಂದಲ್ಲ. ಕಂಬಳಿ ಹಾಸಿದ ಮೇಲೆ ಕಾಗದ ಕೇಳುವುದು ಕೂತವನಿಗೆ ಅವಮಾನ ಎಂದು ಕೇಳಲಿಲ್ಲ. ಅವನ ಮಾನ ಕಾಯಲು ಹೋಗಿ ತಮ್ಮ ನೀರು ಕಳೆದುಕೊಂಡರು.

ಮಾರುತೇಶನಿಗೆ ಆವತ್ತು ಹಿಡಿಸಿದ್ದು ಕಂಬಳಿಯೇ. ಕ್ಯಾಂಪು ಶುರುವಾದ ಮೇಲೆ ಹಟ್ಟಿ ನೋಡಲು ಬಂದವರಿಗೆ 'ಕಂಬಳಿ ಪಂಚಾಯ್ತಿ' ಎಂದು ಒಂದು ಆಟ ಕಟ್ಟಿದ. ಬಂದವರು ರುಮಾಲು ಸುತ್ತಿಕೊಂಡು ಕಂಬಳಿಯ ಮೇಲೆ ಕೂರುತ್ತಾರೆ. ಹಟ್ಟಿಯ ಇಬ್ಬರು ಜಗಳವಾಡಿದಂತೆ ನಟಿಸುತ್ತಾರೆ. ಕೂತವರು ತೀರ್ಪು ಕೊಡುತ್ತಾರೆ. ಹಾಸುವುದು, ಮಡಿಸುವುದು ಪಾತಮ್ಮ. ಅವಳು ಅದರ ಮೇಲೆ ಕೂತವಳಲ್ಲ. ಆಟದಲ್ಲೂ ಇಲ್ಲ, ನಿಜದ ನ್ಯಾಯದಲ್ಲೂ ಇಲ್ಲ. ಹಟ್ಟಿಯಲ್ಲಿ ಹೆಂಗಸು ಆ ಕಂಬಳಿ ಮೇಲೆ ಕೂರುವಂತಿರಲಿಲ್ಲ.

*

ಆ ಶನಿವಾರ ಎಂಟು ಜನ ಬಂದಿದ್ದರು. ಐದು ಜನ ಕನ್ನಡ ಬಾರದವರು. ಉಳಿದವರಲ್ಲಿ ಸ್ವಪ್ನ ಎಂಬಾಕೆ ಒಬ್ಬಳು, ದಾವಣಗೆರೆಯ ಕಡೆಯವಳು, ಕಾಲೇಜಿನಲ್ಲಿ ಪಾಠ ಹೇಳುವವಳಂತೆ. ಅವಳು ಕೊಡ ಹೊರಲು ಒಪ್ಪಲಿಲ್ಲ. ನಾಲ್ಕನೆಯ ಸಲ ಇಳಿಯುವಾಗ ಪಾತಮ್ಮನ ಹಿಂದೆಯೇ ಬರುತ್ತಿದ್ದವಳು ಒಮ್ಮೆಲೇ ನಿಂತಳು.

"ಅಮ್ಮ, ನಿಮ್ಮ ಹಿಮ್ಮಡಿ ಒಡೆದು ರಕ್ತ ಬರ್ತಿದೆ."

ಪಾತಮ್ಮ ನೋಡಿಕೊಂಡಳು. ಬಂಡೆಯ ಮೇಲೆ ಹೆಜ್ಜೆಗೊಂದು ಕಲೆ. "ಬಿಡವ್ವ, ಒಡಕು ಅದು. ಇದ್ದದ್ದೇ."

"ಚಪ್ಪಲಿ ಇಲ್ವಾ?"

"ಐತೆ. ಕೆಳಗೆ ಬಂಡೆ ಸಂದೀಲಿ ಇಟ್ಟೀನಿ."

ಸ್ವಪ್ನ ಚೀಲ ಬಿಚ್ಚಿ, ಗಾಯದ ಪಟ್ಟಿ ತೆಗೆದು, ಮಂಡಿಯೂರಿ ಪಾತಮ್ಮನ ಹಿಮ್ಮಡಿಗೆ ಅಂಟಿಸಿದಳು. ತಲೆಯ ಮೇಲೆ ಕೊಡ. ಕೆಳಗೆ ಕಾಲು ಹಿಡಿದು ಕೂತ ಹುಡುಗಿ. ಪಾತಮ್ಮನಿಗೆ ನಾಚಿಕೆಯಾಯಿತು. ತಾಯಿ ಸತ್ತ ಮೇಲೆ ಅವಳ ಕಾಲನ್ನು ಯಾರೂ ಹೀಗೆ ಮುಟ್ಟಿರಲಿಲ್ಲ.

"ದಿನಾ ಇಷ್ಟು ದೂರದಿಂದ ನೀರು ತರ್ತೀರಾ?"

"ಹೌದು ಮೇಡಂ, ದಿನಾ," ಎಂದು ದುರುಗೇಶ್ ಪಟ್ಟನೆ ಹೇಳಿದ. ದುರುಗೇಶ್ ಪಾತಮ್ಮನ ಮೈದುನನ ಮಗ. ಕ್ಯಾಂಪಿನ ಅಂಗಿ, ಕ್ಯಾಂಪಿನ ಬೂಟು. ಜನರನ್ನು ಬೆಟ್ಟ ಹತ್ತಿಸುವುದು ಅವನ ಕೆಲಸ. ದೊಣೆಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು.

"ಇಲ್ಲವ್ವ," ಎಂದಳು ಪಾತಮ್ಮ. "ನಮ್ಮನೆ ಮುಂದೆ ನಲ್ಲಿ ಐತೆ. ಇದು ನಿಮಗೆ ತೋರ್ಸಾಕೆ."

ಹಿಂದಿದ್ದ ಇಬ್ಬರು ನಕ್ಕರು. ಸ್ವಪ್ನ ನಗಲಿಲ್ಲ. ಕೆಳಗೆ ಬಂದಾಗ ಮಾರುತೇಶ ಪಾತಮ್ಮನನ್ನು ಡೇರೆಯ ಹಿಂದಕ್ಕೆ ಕರೆದ.

"ಬಾಯಿ ಯಾಕೆ ಬಿಟ್ಟೆ? ನಿನ್ನ ಕೆಲಸ ಕೊಡ ಹೊರೋದು. ಮಾತಾಡೋಕೆ ದುರುಗೇಶ್ ಇದ್ದಾನೆ."

"ಕೇಳಿದ್ರು, ಹೇಳ್ದೆ."

"ಗೇಟಿನ ವಿಚಾರ ನೆನಪಿರಲಿ," ಎಂದ. ಅಷ್ಟೇ ಹೇಳಿದ.

ದುರುಗೇಶ್ ಹಿಂದೆಯೇ ಬಂದು ಅವಳ ಕೈಗೆ ಬಿಸ್ಕತ್ತಿನ ಪೊಟ್ಟಣ ತುರುಕಿದ. "ತಿನ್ನು ದೊಡ್ಡವ್ವ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಆಯಪ್ಪನ ಎದುರು ಮಾತಾಡಬ್ಯಾಡ. ನಾನು ಹೆಂಗೋ ಕೇಳ್ತೀನಿ." ನಾಲ್ಕು ತಿಂಗಳಿಂದ ಅವನೂ ಹೀಗೇ ಹೇಳುತ್ತಿದ್ದ. ಪಾತಮ್ಮ ಬಿಸ್ಕತ್ತನ್ನು ಸೆರಗಿಗೆ ಕಟ್ಟಿಕೊಂಡಳು.

*

ಸಂಜೆ ಐದರ ಹೊತ್ತಿಗೆ ಜೀಪು ಹಟ್ಟಿಗೆ ಇಳಿಯಿತು. ಪಾತಮ್ಮ, ಫೋಟೋ ಇನ್ನೂ ಮುಗಿದಿರದ ಕಾರಣ ಬರಿಗಾಲಲ್ಲೇ ನಡೆದು ಬಂದು, ಮನೆಯಿಂದ ಕಂಬಳಿ ತಂದು, ಬೇವಿನ ಮರದಡಿ ಹಾಸಿದಳು. ಜನ ರುಮಾಲು ಸುತ್ತಿಸಿಕೊಂಡರು. ಕೂತರು. ಒಬ್ಬ ಬೂಟು ಬಿಚ್ಚಲಿಲ್ಲ, ಕೆಮ್ಮಣ್ಣು ಅಂಟಿದ ಕಾಲನ್ನು ಹಾಗೇ ಚಾಚಿದ. ಪಾತಮ್ಮ ಮಾರುತೇಶನ ಮುಖ ನೋಡಿದಳು. ಅವನು ನೋಡಿಯೂ ನೋಡದಂತೆ ಇದ್ದ. ಹನುಮಂತರಾಯಪ್ಪ ದೂರದ ಕಟ್ಟೆಯ ಮೇಲೆ ಕೋಲು ಊರಿ ಕೂತಿದ್ದ. ಅವನೂ ನೆಲ ನೋಡಿದ.

ಮಾರುತೇಶ ತಾನೂ ಒಂದು ಮೂಲೆಯಲ್ಲಿ ಕೂತು ಮಾತು ಶುರು ಮಾಡಿದ. ದುರುಗೇಶ್ ಹಿಂದಿಯಲ್ಲಿ ಹೇಳುತ್ತ ಹೋದ.

"ಈ ಕಂಬಳಿ ಇವರ ಕೋರ್ಟು. ಇದರ ಮೇಲೆ ಕೂತು ಸುಳ್ಳು ಹೇಳಿದ್ರೆ ವಂಶ ಉಳಿಯಲ್ಲ ಅಂತ ಇವರ ನಂಬಿಕೆ. ಪಾಪ, ಮುಗ್ಧ ಜನ." ನಕ್ಕ. ಕೂತವರೂ ನಕ್ಕರು.

ಪಾತಮ್ಮನಿಗೆ ಟಾರು ರಸ್ತೆಯ ಬದಿಗೆ ಬಿದ್ದ ಕುರಿ ಕಣ್ಣಿಗೆ ಬಂತು. ಅದರ ಹೊಟ್ಟೆ ಕೊನೆಗೆ ಎರಡು ಸಲ ಮೇಲೆದ್ದು ಇಳಿದಿತ್ತು. ಅವಳು ಜಗಳದ ಆಟಕ್ಕೆ ನಿಂತಿದ್ದ ಇಬ್ಬರನ್ನು ಕೈಯಿಂದ ಸರಿಸಿದಳು. ಕಂಬಳಿಯ ಮುಂದೆ ನಿಂತಳು.

"ನ್ಯಾಯ ಹೇಳ್ತೀರಲ್ಲ. ನಂದೊಂದು ನ್ಯಾಯ ಐತೆ, ಕೇಳ್ರಿ."

ಜನಕ್ಕೆ ಖುಷಿಯಾಯಿತು. ಮೊಬೈಲುಗಳು ಮೇಲೆದ್ದವು.

"ಎರಡು ವರ್ಸದ ಹಿಂದೆ ಒಬ್ಬ ಇದೇ ಕಂಬಳಿ ಮ್ಯಾಲೆ ಕುಂತ. ದಾರಿ ಕೊಡ್ರಿ, ದೊಣೆ ನೀರು ನಿಮ್ದೇ ಅಂದ. ದಾರಿ ಕೊಟ್ವಿ. ನೀರಿಗೆ ಬೀಗ ಹಾಕ್ದ. ನನ್ನ ಗಬ್ಬದ ಕುರಿ ನೀರಿಲ್ದೆ ರಸ್ತೆ ಮ್ಯಾಲೆ ಕಂದು ಹಾಕಿ ಸತ್ತೋತು. ನನ್ನ ಚಪ್ಪಲಿ ಬಿಡ್ಸಿದ. ನನ್ನ ನೀರನ್ನೇ ನನ್ನ ತಲೆ ಮ್ಯಾಲೆ ಹೊರ್ಸಿದ. ಈಗ ಅದೇ ಕಂಬಳಿ ಮ್ಯಾಲೆ ಕುಂತು ನಗ್ತಾನೆ. ಏನು ನ್ಯಾಯ, ಹೇಳ್ರಿ."

ಕನ್ನಡ ಬಾರದವರು ದುರುಗೇಶನ ಕಡೆ ತಿರುಗಿದರು. ಮಾರುತೇಶ ನಗುತ್ತಲೇ ಅವನಿಗೆ ಕಣ್ಣು ಮಾಡಿದ. ದುರುಗೇಶ್ ಹಿಂದಿಯಲ್ಲಿ ಒಂದೇ ವಾಕ್ಯ ಹೇಳಿದ: ಕುರಿ ಕಳೆದುಹೋಗಿದೆಯಂತೆ.

ಹಿಂದಿ ಕೇಳಿದವರು ಚಪ್ಪಾಳೆ ತಟ್ಟಿದರು. "ಎಷ್ಟು ಚೆನ್ನಾಗಿ ಆಕ್ಟ್ ಮಾಡ್ತಾರೆ ನೋಡಿ," ಎಂದ ಮಾರುತೇಶ, ಕನ್ನಡದವರ ಕಡೆ ತಿರುಗಿ.

ಜೀಪಿಗೆ ಒರಗಿ ನಿಂತಿದ್ದ ತನ್ವೀರ್ ಬಾಯಲ್ಲಿದ್ದ ಕಡ್ಡಿಯನ್ನು ಉಗಿದು ಮುಂದೆ ಬಂದ. "ಯೇ ನಾಟಕ್ ನೈ ಸಾಬ್," ಎಂದ. ನಾಟಕವಲ್ಲ ಸ್ವಾಮಿ. ಆಮೇಲೆ ಪಾತಮ್ಮ ಹೇಳಿದ್ದೆಲ್ಲವನ್ನೂ, ಒಂದೂ ಬಿಡದೆ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದ. ಕುರಿ, ಬೀಗ, ಚಪ್ಪಲಿ. ಕೊನೆಗೆ ಮಾರುತೇಶನ ಕಡೆ ಕೈ ತೋರಿಸಿದ. "ವೋ ಆದ್ಮೀ ಯೇ." ಆ ಮನುಷ್ಯ ಇವನೇ.

ಚಪ್ಪಾಳೆ ನಿಂತಿತು. ಸ್ವಪ್ನ ಮೊದಲು ಎದ್ದಳು. ಮಿಕ್ಕವರು ಮುಖ ಮುಖ ನೋಡಿಕೊಂಡರು.

"ಏಳ್ರಿ," ಎಂದಳು ಪಾತಮ್ಮ. ಕಂಬಳಿಯ ಒಂದು ತುದಿ ಹಿಡಿದು ಎಳೆದಳು. ಕೂತವರು ಗಡಬಡಿಸಿ ಎದ್ದರು. ಬೂಟಿನವನೂ ಎದ್ದ. ಮಾರುತೇಶ ಏಳಲು ತಡ ಮಾಡಿದ. ಅವಳು ಬಿಡಲಿಲ್ಲ. ಅವನು ಮಣ್ಣಿಗೆ ಕೈಯೂರಿ ಎದ್ದ.

"ಪಾತಮ್ಮ, ಹಾಸು ಅದನ್ನ. ಇನ್ನೊಂದ್ಸಲ ಹೇಳಲ್ಲ."

"ಹಾಸಲ್ಲ."

"ಚಳ್ಳಕೆರೆ ಸಂತೇಲಿ ಇಂಥವು ಹತ್ತು ಸಿಗ್ತವೆ. ಹತ್ತು ತರ್ತೀನಿ."

"ತಗಂಡ್ ಬಾ. ಹಾಸೋರು ಯಾರು ಅಂತ ನೋಡ್ಕ."

ಅವಳು ಮೊದಲ ಬಾರಿಗೆ ಅವನನ್ನು ಎದುರಿಗೇ ಏಕವಚನದಲ್ಲಿ ಕರೆದಿದ್ದಳು. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕಣದ ಕಡೆ ನಡೆದಳು.

ಕ್ಯಾಂಪಿಗೆ ಹೋಗಲು ಕಣದ ದಾರಿ ಒಂದೇ. ಈ ಕಡೆ ಮುಳ್ಳುಬೇಲಿ, ಆ ಕಡೆ ಬಂಡೆ. ನಡುವೆ ಜೀಪಿನ ಎರಡು ಗಾಲಿಯ ಜಾಡು. ಪಾತಮ್ಮ ಆ ಜಾಡಿಗೆ ಅಡ್ಡಲಾಗಿ ಕಂಬಳಿ ಕೊಡವಿ ಹಾಸಿದಳು. ಸುಕ್ಕು ತೆಗೆದಳು. ಆಮೇಲೆ, ಜೀವಮಾನದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಅದರ ನಡುಮಧ್ಯೆ ಕೂತಳು.

ಜೀಪು ಬಂದು ಅವಳ ಎದುರು ನಿಂತಿತು. ಮಾರುತೇಶ ಮುಂದಿನ ಸೀಟಿನಲ್ಲಿದ್ದ.

"ಬಲಗಡೆಯಿಂದ ಹಾಯಿಸು," ಎಂದ ತನ್ವೀರನಿಗೆ. "ಕಂಬಳಿ ತುದಿ ಮೇಲೆ ಹೋಗುತ್ತೆ, ಹೋಗ್ಲಿ."

ತನ್ವೀರ್ ಎಂಜಿನ್ ಆರಿಸಿದ. ಚಾವಿ ಕಿತ್ತು ಜೇಬಿಗೆ ಹಾಕಿಕೊಂಡ. "ಅದರ ಮೇಲೆ ನಾನು ಗಾಡಿ ಹತ್ತಿಸಲ್ಲ ಸಾರ್."

ಜನ ಇಳಿದರು. ಬದಿಯಿಂದ, ಮುಳ್ಳು ತಪ್ಪಿಸಿಕೊಂಡು, ಕ್ಯಾಂಪಿನ ಕಡೆ ನಡೆದು ಹೋದರು. ಅಷ್ಟರಲ್ಲಿ ಹಟ್ಟಿಯವರು ಸೇರಿದ್ದರು. ಹನುಮಂತರಾಯಪ್ಪ ಕೋಲು ಊರಿಕೊಂಡು ಬಂದು ಕಂಬಳಿಯಿಂದ ಎರಡು ಮಾರು ದೂರ ನಿಂತ.

"ಏಳು ಪಾತವ್ವ. ಹೆಂಗಸು ಆ ಕಂಬಳಿ ಮ್ಯಾಲೆ ಕುಂದ್ರಂಗಿಲ್ಲ. ನಿನಗೆ ಗೊತ್ತಿಲ್ವಾ?"

"ಗೊತ್ತೈತೆ ಮಾವ."

"ಮತ್ತೆ?"

"ಇದರ ಉಣ್ಣೆ ನೂತೋಳು ನಾನು. ಒಂದು ಚಳಿಗಾಲ ಪೂರ್ತಿ ನನ್ನ ತೊಡೆ ಮ್ಯಾಲೆ ಇತ್ತು ಇದು. ಆವಾಗ ಯಾರೂ ಏಳು ಅನ್ಲಿಲ್ಲ. ಬಂದೋನೊಬ್ಬನ ಬೂಟು ಇದರ ಮ್ಯಾಲೆ ಇತ್ತಲ್ಲ ಈಗ, ಆಗಲೂ ನೀವು ಏಳು ಅನ್ಲಿಲ್ಲ."

ಹನುಮಂತರಾಯಪ್ಪ ಕೋಲಿನ ತುದಿಯಿಂದ ಮಣ್ಣು ಕೆದಕಿದ.

"ಇದೇ ಕಂಬಳಿ ಮ್ಯಾಲೆ ದಾರಿ ಕೊಟ್ವಿ," ಎಂದಳು ಪಾತಮ್ಮ. "ಅವನು ಮಾತು ತಿರುಗಿಸ್ದ. ಇದೇ ಕಂಬಳಿ ಹಾಸಿ ದಾರಿ ವಾಪಸ್ ತಗಂತೀನಿ. ನೀರು ಬಿಡೋ ತನಕ ಅವನ ಗಾಡಿ ಈ ಕಣ ಹಾಯಲ್ಲ."

"ಕಾಗದ ಐತೆ ನನ್ನತ್ರ," ಎಂದು ಮಾರುತೇಶ ಕೂಗಿದ. ಪೇಟೆಯ ನಯ ಹೋಗಿ ಊರಿನ ಮಾತು ಬಾಯಿಗೆ ಬಂದಿತ್ತು. "ಎಲ್ರೂ ಹೆಬ್ಬೆಟ್ಟು ಒತ್ತೀರಿ. ಲೇ ದುರುಗ, ಎಬ್ಬಿಸ್ಲೇ ನಿಮ್ಮ ದೊಡ್ಡವ್ವನ್ನ."

ದುರುಗೇಶ್ ಕದಲಲಿಲ್ಲ. ಅಷ್ಟು ಹೊತ್ತಿಗೆ ಕುರಿಗಳು ಬಂದವು. ಗಂಗಲಕ್ಷ್ಮಿ ತೊಟ್ಟಿಯ ಕಡೆಗೆ ಹೊಡೆದುಕೊಂಡು ಹೊರಟಿದ್ದಳು. ಗಲಾಟೆ ಕೇಳಿ ಇತ್ತ ತಿರುಗಿಸಿದ್ದಳು. ಎಂಬತ್ತು ಕುರಿ, ನಾಲಿಗೆ ಹೊರಗೆ, ಮೈ ತುಂಬ ಧೂಳು. ಕಂಬಳಿಯ ಅಂಚಿಗೆ ಬಂದು ನಿಂತವು. ಒಂದು ಮರಿ ಪಾತಮ್ಮನ ಸೆರಗು ಮೂಸಿತು. ಅವಳು ಗಂಟು ಬಿಚ್ಚಿ ಅದಕ್ಕೊಂದು ಬಿಸ್ಕತ್ತು ಕೊಟ್ಟಳು.

ದುರುಗೇಶ್ ಅದನ್ನೇ ನೋಡುತ್ತಿದ್ದ. ತಾನು ಕೊಟ್ಟ ಬಿಸ್ಕತ್ತು. ಬಿಸಿಲಲ್ಲಿ ಆರು ಸಲ ಬೆಟ್ಟ ಹತ್ತಿ ಇಳಿದವಳು ತಿಂದಿರಲಿಲ್ಲ. ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ತೆಗೆದು ಜೀಪಿನ ಮುಂದೆ ಇಟ್ಟ. ಸೊಂಟದ ಬೀಗದ ಕೈ ಕೈಗೆ ತೆಗೆದುಕೊಂಡ.

"ಅತ್ತಿಗೆ, ಹೊಡ್ಕಂಡು ಬಾ," ಎಂದ ಗಂಗಲಕ್ಷ್ಮಿಗೆ.

"ಲೇ, ನಾಳೆಯಿಂದ ಬರಬ್ಯಾಡ ನೀನು," ಎಂದ ಮಾರುತೇಶ.

"ಆಯ್ತು ಸಾರ್," ಎಂದ ದುರುಗೇಶ್. ಬರಿಗಾಲಲ್ಲಿ ಕುರಿಗಳ ಮುಂದೆ ಬೆಟ್ಟದ ಕಡೆ ನಡೆದ. ಕುರಿಗಳು ಕಂಬಳಿಯನ್ನು ತುಳಿಯದೆ ಎರಡು ಕಡೆಯಿಂದ ಸುತ್ತಿ ಹೋದವು. ಏಕೋ ಏನೋ, ಒಂದೂ ತುಳಿಯಲಿಲ್ಲ.

ಮಾರುತೇಶ ಮೊಬೈಲ್ ತೆಗೆದು ಸ್ಟೇಷನ್ನಿಗೆ ಫೋನು ಮಾಡಿದ. ದಾರಿ ಕಟ್ಟಿದ್ದಾರೆ, ಆಸ್ತಿಗೆ ನುಗ್ಗಿದ್ದಾರೆ ಎಂದ. ಪಾತಮ್ಮನ ಹೆಸರು ಹೇಳಿದ. ಎರಡು ಸಲ ಹೇಳಿದ, ಆ ಕಡೆಯವರಿಗೆ ಬರೆದುಕೊಳ್ಳಲು. ಅವಳು ಎಂದೂ ಸ್ಟೇಷನ್ನಿನ ಮೆಟ್ಟಿಲು ಹತ್ತಿದವಳಲ್ಲ. ಕಂಬಳಿಯ ಒರಟು ಎಳೆಯನ್ನು ಎರಡೂ ಅಂಗೈಯಿಂದ ಒತ್ತಿಕೊಂಡು ಕೂತಳು.

ಬೆಟ್ಟದ ಮೇಲಿಂದ ಕುರಿಗಳ ಕೂಗು ಕೇಳುತ್ತಿತ್ತು. ನೀರಿನ ವಾಸನೆ ಹತ್ತಿದಾಗಿನ ಕೂಗು. ಗೇಟು ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಎಲ್ಲ ಒಮ್ಮೆಲೇ ಸುಮ್ಮನಾಯಿತು. ಕುರಿ ಸಾಕಿದವರಿಗೆ ಆ ಮೌನ ಗೊತ್ತು. ಎಂಬತ್ತು ಬಾಯಿ ನೀರಿಗೆ ಇಳಿದಿರುತ್ತವೆ. ಹಟ್ಟಿಯವರು ಬೆಟ್ಟದ ಕಡೆ ಕತ್ತೆತ್ತಿ ನಿಂತಿದ್ದರು.

ಸ್ವಪ್ನ ಕ್ಯಾಂಪಿನ ದಾರಿಯಿಂದ ಒಬ್ಬಳೇ ವಾಪಸು ಬಂದಳು. ಕೈಯಲ್ಲಿ ನೀಲಿ ಪಟ್ಟಿಯ ಚಪ್ಪಲಿ. ಜಾಲಿ ಮುಳ್ಳು ಗೀರಿದ ಮೊಣಕೈ. ಚಪ್ಪಲಿಯನ್ನು ಕಂಬಳಿಯ ಅಂಚಿನ ಹೊರಗೆ, ಕಾಲಿಗೆ ಸಿಗುವಂತೆ ಜೋಡಿಸಿ ಇಟ್ಟು, ಹಟ್ಟಿಯ ಹೆಂಗಸರ ಹತ್ತಿರ ಹೋಗಿ ನಿಂತಳು.

ದೂರದ ಟಾರು ರಸ್ತೆಯಿಂದ ಪೊಲೀಸರ ಜೀಪು ಹಟ್ಟಿಯ ಮಣ್ಣಿಗೆ ತಿರುಗಿತು. ಧೂಳು ಎದ್ದಿತು. ಮಾರುತೇಶ ಅಂಗಿ ಕೊಡವಿಕೊಂಡು ಅದರ ಕಡೆ ನಡೆದ.

ಹನುಮಂತರಾಯಪ್ಪ ಧೂಳನ್ನು ನೋಡಿದ. ನೀಲಿ ಚಪ್ಪಲಿಗಳನ್ನು ನೋಡಿದ. ಆಮೇಲೆ ತನ್ನ ಟಯರಿನ ಕೆರವನ್ನು ಬಿಟ್ಟು, ಅವುಗಳ ಪಕ್ಕಕ್ಕೆ ಕೋಲಿನಿಂದ ತಳ್ಳಿದ. ಮಂಡಿ ಹಿಡಿದುಕೊಂಡು, ನರಳುತ್ತ, ಕೂರಲು ಬಗ್ಗಿದ.

"ಒಂಚೂರು ಅತ್ಲಾಗೆ ಸರಿಯವ್ವ," ಎಂದ.

ಪಾತಮ್ಮ ಸರಿದಳು.